ಖಾಲಿ ಹೊಟ್ಟೆ

ನನಗೆ ಐಸಿಯುನಲ್ಲಿ ಕೆಲಸ ಸಿಕ್ಕಿದ್ದು ಅಕ್ಕನ ಶ್ವಾಸಕೋಶ ಕೆಟ್ಟದ್ದರಿಂದ. ಇದನ್ನು ಸ್ವಲ್ಪ ಚಂದ ಮಾಡಿ ಹೇಳಲು ಎಷ್ಟೋ ಸಲ ನೋಡಿದ್ದೇನೆ, ಆಗಲಿಲ್ಲ. ಸಂದರ್ಶನಗಳಲ್ಲಿ "ತೀವ್ರ ನಿಗಾ ವಿಭಾಗಕ್ಕೆ ಹೇಗೆ ಬಂದಿರಿ?" ಎಂದು ಕೇಳಿದಾಗೆಲ್ಲ "ಮೊದಲಿನಿಂದಲೂ ಆಸಕ್ತಿ ಇತ್ತು" ಎಂದು ಉತ್ತರಿಸಿದ್ದೇನೆ. ಅದು ಸುಳ್ಳಲ್ಲ. ಆದರೆ ಆಸಕ್ತಿ ಇದ್ದವರಿಗೆಲ್ಲ ಯಾರಾದರೂ ಬಾಗಿಲು ತೆಗೆಯುತ್ತಾರಾ? ಅದು ಸುಮ್ಮನೆ ಹೇಳುವ ಮಾತು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ದುಬೈಯ ಅಲ್ ಕುಸೈಸ್‌ನಲ್ಲಿ ಅವಳ ಫ್ಲ್ಯಾಟಿನ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ನಾನು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತಳು, ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದವಳು. ಅವಳು ಮೈಸೂರಿನ ಬ್ರಾಹ್ಮಣರ ಮನೆಯವಳು, ಬಿಎಸ್ಸಿ ಓದಿ ಮನೆಯಲ್ಲಿದ್ದವಳು. ಅವಳ ಗಂಡ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವರನ್ನು ನಾನು ಭಾವ ಅನ್ನುತ್ತಿದ್ದೆ. ನನ್ನ ಮೀನಿನ ಪಾತ್ರೆ ಅಡುಗೆಮನೆಗೆ ಬರಬಾರದು ಎಂಬ ಒಂದು ಕರಾರು ಬಿಟ್ಟರೆ ಆ ಮನೆಯಲ್ಲಿ ನನಗೆ ಬೇರೆ ಕಟ್ಟಳೆ ಇರಲಿಲ್ಲ. ಹಬ್ಬವಿರಲಿ, ಏಕಾದಶಿಯಿರಲಿ, ದೇವರಿಗೆ ಇಟ್ಟದ್ದರಲ್ಲಿ ಒಂದು ಪಾಲು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ನನ್ನ ರೂಮಿನ ಬಾಗಿಲ ಬಳಿ ಇರುತ್ತಿತ್ತು.

"ಎಂತ ಅಕ್ಕ, ಕ್ರಿಶ್ಚನ್ ಹೊಟ್ಟೆಗೆ ನಿಮ್ಮ ದೇವರ ಪ್ರಸಾದ ಆಗ್ತದಾ?" ಎಂದು ನಾನು ಛೇಡಿಸಿದರೆ, "ಅಯ್ಯೋ ಸುಮ್ನೆ ತಿನ್ನೇ. ತಿಂದ್ಮೇಲೆ ಎಲ್ರ ಹೊಟ್ಟೇನೂ ಒಂದೇ," ಅನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ನನ್ನ ಕೆಲಸ ವಾರ್ಡಿನಲ್ಲಿ. ಆದರೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಆಪರೇಷನ್‌ಗೆ ಬರುವವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷೂ ಬಾರದು, ಅರಬ್ಬಿಯೂ ಬಾರದು. ಅಂಥವರ ಭಾಷೆ ಬಲ್ಲ ನರ್ಸನ್ನು ಯಾವ ವಾರ್ಡಿನಲ್ಲಿದ್ದರೂ ಥಿಯೇಟರಿಗೆ ಕರೆಸುತ್ತಿದ್ದರು. ರೋಗಿ ನಿದ್ದೆಗೆ ಹೋಗುವವರೆಗೆ ತಲೆಯ ಬಳಿ ನಿಂತು ಅವನ ಭಾಷೆಯಲ್ಲಿ ಮಾತಾಡುವುದು, ಎದ್ದಾಗ ಮತ್ತೆ ಹೋಗಿ ಹೆಸರು ಹಿಡಿದು ಕರೆಯುವುದು. ಕನ್ನಡ, ತುಳು, ಕೊಂಕಣಿ ಮೂರೂ ನನ್ನ ಪಾಲಿಗೆ. "ಭಾಷೆ ಸಿಸ್ಟರ್" ಎಂದೇ ನನಗೆ ಹೆಸರು ಬಿದ್ದಿತ್ತು.

ಹಾಗೆ ತಲೆಯ ಬಳಿ ನಿಂತು ನಿಂತೇ ನನಗೆ ಆ ಕೆಲಸದ ಹುಚ್ಚು ಹಿಡಿದದ್ದು. ಸರ್ಜನ್‌ಗಳು ಹೊಟ್ಟೆ ಕೊಯ್ಯುತ್ತಾರೆ, ಹೊಲಿಯುತ್ತಾರೆ, ಜೋಕ್ ಮಾಡುತ್ತಾರೆ. ಅಷ್ಟು ಹೊತ್ತೂ ಉಸಿರನ್ನು ಕಾಯುವವರು ತಲೆಯ ಬಳಿ ಇರುವವರು. ಅರಿವಳಿಕೆಯ ಡಾಕ್ಟರು ಇರಾಕಿನವರು, ವಯಸ್ಸಾದವರು, ಮಾತು ಕಡಿಮೆ. ಅಮೆರಿಕದಲ್ಲಿ ನರ್ಸುಗಳೇ ಓದಿ ಅರಿವಳಿಕೆ ಕೊಡುತ್ತಾರೆ ಎಂದು ನನಗೆ ಹೇಳಿದ್ದು ಅವರೇ. "ನಿನ್ನ ಕೈ ನಡುಗುವುದಿಲ್ಲ, ಬಾಯಿ ಮಾತ್ರ ಜಾಸ್ತಿ," ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ, ಬೆರಳು ಮಡಚುತ್ತ ದಾರಿ ವಿವರಿಸಿದರು. ಡಿಪ್ಲೊಮಾ ಸಾಲದು, ಪದವಿ ಬೇಕು. ಐಸಿಯು ಅನುಭವ ಬೇಕೇ ಬೇಕು. ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಆ ಕಾಲೇಜುಗಳಿಗೆ ಲೆಕ್ಕವಿಲ್ಲ. ಅಮೆರಿಕದ ನರ್ಸಿಂಗ್ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಆಗ ಬೇರೆ ದೇಶಕ್ಕೆ ಹೋಗಿ ಕೂರಬೇಕಿತ್ತು. ಅಲ್ಲಿ ಹೋದ ಮೇಲೆ ಮತ್ತೆ ಐಸಿಯು. ಆಮೇಲೆ ಆ ಕೋರ್ಸು, ಅದೂ ಸೀಟು ಸಿಕ್ಕಿದರೆ.

ಅಕ್ಕನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಇದೇನೇ ಇದು, ಏಳು ಸುತ್ತಿನ ಕೋಟೆ ಇದ್ದಂಗಿದೆ! ಆದ್ರೂ ಓದು. ನಾನಂತೂ ಓದಿದ್ದನ್ನ ಒಗ್ಗರಣೆಗೆ ಹಾಕ್ದೆ, ನೀನಾದ್ರೂ ಹೋಗು."

ಪದವಿಗೆ ಸಂಜೆ ತರಗತಿ ಸೇರಿದೆ. ಅಕ್ಕ ನನ್ನ ಪುಸ್ತಕ ಹಿಡಿದು ಅಡುಗೆಮನೆಯಲ್ಲೇ ಪ್ರಶ್ನೆ ಕೇಳುತ್ತಿದ್ದಳು. ವೆಂಟಿಲೇಟರಿನ ಪಾಠವೆಂದರೆ ಅವಳಿಗೆ ಏನೋ ಕುತೂಹಲ. "ಗಂಟಲಲ್ಲಿ ಪೈಪಿದ್ರೆ ಮಾತಾಡೋಕಾಗಲ್ವಂತೆ, ನಿಜವೇನೇ? ನಮ್ಮೋರಿಗೆ ಒಂದಿನ ಹಾಕ್ಸು, ಮನೆ ತಣ್ಣಗಿರುತ್ತೆ," ಎಂದು ನಗುತ್ತಿದ್ದಳು.

ತೊಡಕಾದದ್ದು ಐಸಿಯು ವಿಷಯದಲ್ಲಿ. ಮೇಟ್ರನ್ ಕೇರಳದವರು, ಬಾಯಿ ತುಂಬ "ಮೋಳೇ, ಮೋಳೇ" ಎಂದು ಮಗಳಂತೆ ಕರೆಯುವವರು. ನಾನು ಐಸಿಯುಗೆ ಹಾಕಿ ಎಂದು ಕೇಳಿದಾಗೆಲ್ಲ "ಮುಂದಿನ ವರ್ಷ ನೋಡೋಣ ಮೋಳೇ, ವಾರ್ಡಿನಲ್ಲಿ ಜನ ಇಲ್ಲ" ಎಂದು ಅದೇ ಪ್ರೀತಿಯಿಂದ ಕಳಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ನಂತರ ಬಂದವರು ಐಸಿಯು ಸೇರಿದರು. ನನ್ನ ದಾರಿ ಆ ಒಂದು ಬಾಗಿಲಿನ ಮುಂದೆ ನಿಂತುಬಿಟ್ಟಿತು. "ದೇವರೇ, ಹೇಗಾದರೂ ಮಾಡಿ ಐಸಿಯುಗೆ ಹಾಕು" ಎಂದು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬೇಡಿಕೊಂಡೆ. ಹೇಗಾದರೂ ಅನ್ನಬಾರದಿತ್ತು.

ಅಷ್ಟರಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು, ತೆಗೆಸಬೇಕು ಎಂದರು. ದೊಡ್ಡ ಆಪರೇಷನ್ನೇನಲ್ಲ, ನಮ್ಮ ಆಸ್ಪತ್ರೆಯಲ್ಲೇ. ಭಾಷೆ ಸಿಸ್ಟರ್ ಹೇಗೂ ನಾನೇ. ಆದರೂ ಭಾವನಿಗೆ ಭಯ. ಊರಿಗೆ ಯಾರಿಗೂ ತಿಳಿಸಿರಲಿಲ್ಲ. ದೂರದಲ್ಲಿರುವವರು ಸುಮ್ಮನೆ ಗಾಬರಿಯಾಗುತ್ತಾರೆ ಎಂದು ನಾವು ಗಲ್ಫಿನವರು ಏನನ್ನೂ ಹೇಳುವುದಿಲ್ಲವಲ್ಲ. ಆ ಭಯಕ್ಕೆಲ್ಲ ಸೇರಿಸಿ ಅವರು ಆಪರೇಷನ್ ದಿನದ ಬೆಳಗಿನ ಜಾವವೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಶಾರ್ಜಾದಿಂದ ಭಟ್ಟರು ಬರುವುದೆಂದಾಯಿತು.

ಹಿಂದಿನ ಸಂಜೆ ಅಕ್ಕ ರವೆ ಹುರಿಯುತ್ತಿದ್ದಳು. ಆ ಪೂಜೆಗೆ ಸಪಾದ ಆಗಲೇಬೇಕು: ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಎಲ್ಲ ಒಂದೂಕಾಲು ಅಳತೆಯಲ್ಲಿ ಹಾಕಿ ಮಾಡುವ ಸಜ್ಜಿಗೆ.

"ಅಕ್ಕ, ನೀವು ನಾಳೆ ಎಂತದೂ ತಿನ್ನುವ ಹಾಗಿಲ್ಲ. ನೀರು ಸಹ ಇಲ್ಲ. ನಿದ್ದೆ ಬಂದ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಹೋದರೆ ಕತೆ ಮುಗೀತು."

"ಗೊತ್ತು ಕಣೇ. ಎಷ್ಟು ಸಲ ಹೇಳ್ತೀಯ? ಪೂಜೆಗೆ ಕೂರೋರು ಉಪವಾಸಾನೇ ಇರ್ತಾರೆ," ಅಂದಳು. ನನಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ಭಟ್ಟರು ಬರುವ ಮೊದಲೇ ನಾನು ಡ್ಯೂಟಿಗೆ ಹೊರಟುಹೋದೆ.

ಆಸ್ಪತ್ರೆಗೆ ಬಂದವಳನ್ನು ನಾನೇ ಬರಮಾಡಿಕೊಂಡೆ. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಪೂಜೆಯ ಹೂವು. ಭಾವ ಬ್ಯಾಗು ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದರು.

"ಎಂತಾದರೂ ತಿಂದಿದ್ದೀರಾ?"

ಅಕ್ಕ ಒಮ್ಮೆ ಭಾವನ ಕಡೆ ನೋಡಿದಳು. "ಇಲ್ಲ ಕಣೇ."

"ಬೆಳಿಗ್ಗೆಯಿಂದ ಬರೀ ಹೊಟ್ಟೆ," ಎಂದರು ಭಾವ. ಹೇಳಿ, ನನ್ನ ಕೈಗೆ ಸ್ಟೀಲ್ ಡಬ್ಬಿ ಇಟ್ಟರು. "ನಿಮ್ಮ ಪಾಲು."

ಅಕ್ಕ ಉತ್ತರ ಹೇಳಲು ಸ್ವಲ್ಪ ತಡ ಮಾಡಿದ್ದು ನನ್ನ ಗಮನಕ್ಕೆ ಬಂದಿತ್ತು. ಹೆದರಿದ್ದಾಳೆ ಅಂದುಕೊಂಡೆ. ಎರಡು ಬೆರಳಲ್ಲಿ ಒಂದಿಷ್ಟು ಬಾಯಿಗೆ ಹಾಕಿಕೊಂಡು, ಉಳಿದದ್ದು ಸಾವಕಾಶ ತಿಂದರಾಯಿತು ಎಂದು ಡಬ್ಬಿಯನ್ನು ಲಾಕರಿನಲ್ಲಿಟ್ಟು ಥಿಯೇಟರಿಗೆ ಹೋದೆ. ಏಲಕ್ಕಿ ಘಮ್ಮೆನ್ನುತ್ತಿತ್ತು.

ಒಳಗೆ ಅಕ್ಕನಿಗೆ ಮಂಪರಿನ ಔಷಧಿ ಕೊಟ್ಟಾಗಿತ್ತು. ನನ್ನ ಕೈ ಹಿಡಿದು, "ಇಲ್ಲೇ ಇರು," ಅಂದಳು. "ಇಲ್ಲೇ ಇದ್ದೇನೆ ಮಾರಾಯ್ತಿ, ಎಲ್ಲಿಗೆ ಹೋಗುದು?" ಅಂದೆ. ಡಾಕ್ಟರು ಬಿಳಿ ಔಷಧಿಯನ್ನು ನಿಧಾನವಾಗಿ ಒತ್ತಿದರು. ಅವಳ ಬೆರಳು ಸಡಿಲಾಯಿತು. ಡಾಕ್ಟರು ಕೊಳವೆ ಕೈಗೆತ್ತಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳ ಹೊಟ್ಟೆ ಒಮ್ಮೆ ಎದ್ದಿತು. ಗಂಟಲು ತುಂಬಿ ಬಂತು.

"ಸಕ್ಷನ್!" ಎಂದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೇಜನ್ನು ತಲೆಯ ಕಡೆ ತಗ್ಗಿಸಿದರು, ಮುಖ ಪಕ್ಕಕ್ಕೆ ತಿರುಗಿಸಿದರು, ಗಂಟಲಲ್ಲಿದ್ದದ್ದನ್ನು ಯಂತ್ರದಿಂದ ಹೀರಿದರು, ಮತ್ತೆ ಹೀರಿದರು. ಪಾರದರ್ಶಕ ನಳಿಕೆಯಲ್ಲಿ ಬಿಳಿ ಕಾಳು ಕಾಳಾಗಿ ಏರುತ್ತಿತ್ತು. ರವೆ. ಒಂದು ಒಣದ್ರಾಕ್ಷಿ ನಳಿಕೆಯ ಬಾಯಿಗೆ ಸಿಕ್ಕಿಕೊಂಡಿತು. ಆ ಔಷಧಿಗಳ ವಾಸನೆಯ ನಡುವೆಯೂ ಏಲಕ್ಕಿ ಘಮ್ಮೆಂದಿತು. ನನ್ನ ಬಾಯಲ್ಲೂ ಇನ್ನೂ ಅದೇ ರುಚಿ ಇತ್ತು.

ಮಾನಿಟರಿನ ಸದ್ದು ಇಳಿಯುತ್ತ ಹೋಯಿತು. ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದೆ ಎಂಬ ಅದರ ಅರ್ಥ ನನಗೆ ಗೊತ್ತಿತ್ತು. ಅದೇ ಪಾಠದ ಪ್ರಶ್ನೆಗಳನ್ನು ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಕೇಳಿದ್ದಳು. ಕೊಳವೆ ಕೊನೆಗೂ ಒಳಗೆ ಹೋಯಿತು. ಆಪರೇಷನ್ ಖಲಾಸ್, ಯಲ್ಲಾ ಐಸಿಯು, ಎಂದರು ಡಾಕ್ಟರು; ಕೊಯ್ಯುವುದನ್ನು ಬಿಟ್ಟು ಬೇಗ ಐಸಿಯುಗೆ ಸಾಗಿಸಿ ಎಂದು. ಆಮೇಲೆ ನನ್ನ ಕಡೆ ತಿರುಗಿ, "ಇದೇನು? ಏನೂ ತಿಂದಿಲ್ಲ ಎಂದಳಲ್ಲ?" ಎಂದು ಕೇಳಿದರು.

"ಪ್ರಸಾದ," ಎಂದೆ. "ದೇವರದು. ನಮ್ಮಲ್ಲಿ ಅದನ್ನು ಯಾರೂ ತಿಂಡಿ ಅನ್ನುವುದಿಲ್ಲ."

ಅವರು ಬೈಯಲಿಲ್ಲ. ಬೆವರು ಒರೆಸಿಕೊಂಡು, "ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ ಸಿಸ್ಟರ್," ಎಂದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ನಮ್ಮ ಇಗರ್ಜಿಯ ಬಲಿಪೂಜೆಯಲ್ಲೂ ಪಾದ್ರಿಗಳು ನಾಲಗೆಯ ಮೇಲಿಡುವ ಪರಮ ಪ್ರಸಾದವನ್ನು ಯಾರಾದರೂ ತಿಂದ ಲೆಕ್ಕಕ್ಕೆ ಸೇರಿಸುತ್ತಾರಾ? ನಾನಾದರೂ ಸೇರಿಸುತ್ತಿರಲಿಲ್ಲ.

ಎಕ್ಸ್‌ರೇಯಲ್ಲಿ ಅಕ್ಕನ ಎರಡೂ ಶ್ವಾಸಕೋಶ ಬಿಳಿಯಾಗಿದ್ದವು. ಅರೆ ಎಚ್ಚರವಾದಾಗೆಲ್ಲ ಪೈಪು ಕಿತ್ತುಕೊಳ್ಳಲು ನೋಡುತ್ತಿದ್ದಳು. ಕೈಗಳನ್ನು ಮೆತ್ತನೆಯ ಪಟ್ಟಿಯಲ್ಲಿ ಕಟ್ಟಿದ್ದರು. ಇಂಗ್ಲಿಷಿನಲ್ಲಿ ಹೇಳಿದರೆ ಇನ್ನೂ ಒದ್ದಾಡುತ್ತಿದ್ದಳು. ಕನ್ನಡ ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದಳು. ಮೇಟ್ರನ್ ನನ್ನನ್ನು ಕರೆಸಿದರು.

"ಮೋಳೇ, ಇವತ್ತಿನಿಂದ ನೀನು ಐಸಿಯು."

ಆ ಕ್ಷಣ ನನಗೆ ಸಂತೋಷವಾಯಿತು. ಹೌದು, ಆಯಿತು. ಒಳಗೆಲ್ಲೋ ಒಂದು ಮೂಲೆ "ಸಿಕ್ಕಿತು" ಎಂದಿತು. ಆ ಮೂಲೆಯನ್ನು ಉಗುರಿನಿಂದ ಕಿತ್ತು ಬಿಸಾಡಬೇಕು ಅನಿಸಿತು. ಐಸಿಯುನಲ್ಲಿ ನನ್ನ ಮೊದಲ ರೋಗಿ ಅಕ್ಕ. ಮೊದಲ ವೆಂಟಿಲೇಟರ್ ಅವಳದು. ನಾನು ಕೆಲಸ ಕಲಿತದ್ದೇ ಅವಳ ಮೈಮೇಲೆ: ಕೊಳವೆಯ ಕಫ ತೆಗೆಯುವುದು, ರಕ್ತದಲ್ಲಿನ ಆಮ್ಲಜನಕದ ಲೆಕ್ಕ ನೋಡಿ ಯಂತ್ರದ ಗುಂಡಿ ತಿರುಗಿಸುವುದು, ಮಂಪರಿನ ಔಷಧಿಯನ್ನು ಹನಿ ಹನಿಯಾಗಿ ಏರಿಳಿಸುವುದು. ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಏನೋ ಹೇಳಬೇಕಿತ್ತು ಅವಳಿಗೆ. ಪೈಪಿದ್ದರೆ ಮಾತಾಡಲು ಆಗುವುದಿಲ್ಲ ಎಂಬುದು ನಿಜವೇ.

ಹೊರಗೆ ಭಾವ ಕೂತಿರುತ್ತಿದ್ದರು. ಡಾಕ್ಟರು ಅವರಿಗೆ "ಹೊಟ್ಟೆಯ ದ್ರವ ಶ್ವಾಸಕ್ಕೆ ಹೋಗಿದೆ, ಹೀಗೆ ಆಗುವುದುಂಟು" ಎಂದಷ್ಟೇ ಹೇಳಿದ್ದರು. ರವೆಯ ಮಾತು ಯಾರೂ ಎತ್ತಲಿಲ್ಲ. ಬಂದವರಿಗೆಲ್ಲ ಭಾವ ಒಂದೇ ಹೇಳುತ್ತಿದ್ದರು: "ಅವತ್ತು ಬೆಳಿಗ್ಗೆ ಪೂಜೆ ಆಗಿದ್ದಕ್ಕೇ ಇಷ್ಟರಲ್ಲಿ ಉಳಿದಿದ್ದಾಳೆ. ಇಲ್ದಿದ್ರೆ ಏನ್ ಗತಿ?" ನನಗೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟ ಡಬ್ಬಿ ಹಿಡಿದು ಐಸಿಯು ಬಾಗಿಲಿಗೇ ಬಂದರು. ಮತ್ತೆ ಪೂಜೆ ಮಾಡಿಸಿದ್ದರು. "ಒಂದೇ ಒಂದು ಕಾಳು ತುಟಿಗೆ ಮುಟ್ಟಿಸ್ತೀನಿ, ಬಿಡಿ."

"ಆಗುದಿಲ್ಲ ಭಾವ."

"ಒಂದು ಕಾಳಿಂದ ಏನಾಗುತ್ತೆ ಹೇಳಿ?"

ನಾನು ಬಾಗಿಲಿಗೆ ಅಡ್ಡ ನಿಂತೆ. ಅವರ ಮುಖ ಕೆಂಪಾಯಿತು. "ನೀವು ಕ್ರಿಶ್ಚಿಯನ್ನರು. ನಿಮಗೆ ಇದರ ಬೆಲೆ ಗೊತ್ತಾಗಲ್ಲ ಬಿಡಿ," ಎಂದುಬಿಟ್ಟರು. ಅಷ್ಟು ವರ್ಷ ಅವರ ಮನೆಯ ಪ್ರಸಾದ ತಿಂದ ಬಾಯಿ ನನ್ನದು. ಉತ್ತರ ನಾಲಗೆಯ ತುದಿಗೆ ಬಂದಿತ್ತು, ಒಂದೇ ವಾಕ್ಯದ ಉತ್ತರ. ಹಲ್ಲು ಕಚ್ಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಕ್ಕ ಉಳಿದಳು. ಪೈಪು ತೆಗೆದ ದಿನ ಅವಳ ದನಿ ಹರಿದ ಕಾಗದದ ಹಾಗಿತ್ತು. ಮೊದಲು ಕೇಳಿದ್ದು, "ಅವರಿಗೆ ಹೇಳಿದ್ಯಾ?"

"ಎಂತದು?"

"ನಂಗೆ ಗೊತ್ತಿತ್ತು ಕಣೇ, ತಿನ್ನಬಾರ್ದು ಅಂತ. ಅವರೇ ಕೈಯಾರೆ ಕೊಟ್ರು, ಧೈರ್ಯಕ್ಕೆ ಅಂತ ಇನ್ನೊಂದು ಉಂಡೇನೂ ಕೊಟ್ರು. ದೇವರ ಪ್ರಸಾದ, ಹೆಂಗೆ ಬೇಡ ಅನ್ಲಿ? ದೇವರದ್ದು ತಾನೇ, ಏನೂ ಆಗಲ್ಲ ಅಂದ್ಕೊಂಡೆ." ಉಸಿರು ಸಾಲದೆ ನಿಲ್ಲಿಸಿದಳು. "ಅವರಿಗೆ ಮಾತ್ರ ಹೇಳ್ಬೇಡ. ತಡ್ಕೊಳಲ್ಲ ಅವರು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆಮೇಲೆ ನನ್ನ ದಾರಿ ಸಲೀಸಾಯಿತು. ಐಸಿಯುನಿಂದ ನನ್ನನ್ನು ಯಾರೂ ವಾಪಸು ಕಳಿಸಲಿಲ್ಲ. ಪದವಿ ಮುಗಿಯಿತು, ಪರೀಕ್ಷೆಯೂ ಆಯಿತು, ಇರಾಕಿ ಡಾಕ್ಟರು ಶಿಫಾರಸು ಪತ್ರ ಬರೆದುಕೊಟ್ಟರು. ಭಾವನಿಗೆ ಅಬುಧಾಬಿಗೆ ವರ್ಗವಾಗಿ ಅವರು ಅಲ್ ಮೀನಾ ಹತ್ತಿರ ಮನೆ ಮಾಡಿದರು. ನಾನು ಆಸ್ಪತ್ರೆಯ ಹಾಸ್ಟೆಲ್ ಸೇರಿದೆ. ಅಮೆರಿಕದ ವೀಸಾ ಕೈಗೆ ಬಂದಿತ್ತು, ಟಿಕೆಟ್ ಮಾಡಿಸುವುದೊಂದು ಬಾಕಿ. ಅಷ್ಟರಲ್ಲಿ ಅಕ್ಕನ ಫೋನು.

"ಅವತ್ತು ತೆಗೀದೆ ಬಿಟ್ಟ ಕಲ್ಲು ಮತ್ತೆ ಕಾಟ ಕೊಡ್ತಿದೆ ಕಣೇ. ನಾಡಿದ್ದು ಮಧ್ಯಾಹ್ನ ಇಲ್ಲೇ ಒಂದು ಆಸ್ಪತ್ರೇಲಿ ಆಪರೇಷನ್. ಬೆಳಿಗ್ಗೆ ಇವರು ಪೂಜೆಗೆ ಹೇಳಿದ್ದಾರೆ."

ಆ ಆಸ್ಪತ್ರೆ ನನ್ನದಲ್ಲ. ಅಲ್ಲಿ ಅವಳ ತಲೆಯ ಬಳಿ ನಾನಿರುವುದಿಲ್ಲ. ರಜೆ ಹಾಕಿ ಮರುದಿನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮರಳು ರಸ್ತೆಗೆ ಹಾರಿ ಬರುತ್ತಿತ್ತು, ಬಸ್ಸಿನವನು ಹಗಲಲ್ಲೇ ದೀಪ ಹಾಕಿದ್ದ. ಒಮ್ಮೆ ಕೆಟ್ಟ ಆ ಶ್ವಾಸಕೋಶಗಳು ಇನ್ನೊಂದು ಸಲ ತಡೆಯುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬಿಡುತ್ತಿದ್ದಳು ಅವಳು.

ಸಂಜೆ ಅಡುಗೆಮನೆಯಲ್ಲಿ ಅಕ್ಕ ರವೆ ಹುರಿಯುತ್ತಿದ್ದಳು. ಅದೇ ಬಾಣಲೆ.

"ಭಾವನಿಗೆ ಹೇಳಿ ಅಕ್ಕ. ಆಪರೇಷನ್ ಆದ ಮೇಲೆ ತಗೊಳ್ತೇನೆ ಅಂತ ಹೇಳಿ."

"ಹೇಳಿದೆ. ಪ್ರಸಾದ ಬೇಡ ಅಂದೋರಿಗೆ ಏನಾಯ್ತು ಅಂತ ಪೂಜೆ ಕಥೇಲೇ ಇದೆಯಲ್ಲ ಅಂತಾರೆ. ಹೋದ ಸಲ ತಗೊಂಡಿದ್ದಕ್ಕೇ ಉಳಿದೆ ಅಂತಾರೆ." ಸೌಟು ಆಡಿಸುತ್ತ ದನಿ ತಗ್ಗಿಸಿದಳು. "ನೀನು ಯೋಚ್ನೆ ಮಾಡ್ಬೇಡ. ಬಾಯಿಗೆ ಹಾಕ್ಕೊಂಡು, ಆಮೇಲೆ ಬಚ್ಚಲಿಗೆ ಹೋಗಿ ಉಗಿದುಬಿಡ್ತೀನಿ."

"ಪ್ರಸಾದ ಉಗೀತೀರಾ? ನೀವು?"

ಅವಳ ಸೌಟು ನಿಂತಿತು. ರವೆ ಸೀದ ವಾಸನೆ ಬಂತು. ಇಬ್ಬರಿಗೂ ಗೊತ್ತಿತ್ತು, ಅವಳ ಕೈಯಲ್ಲಿ ಅದಾಗುವುದಿಲ್ಲ ಎಂದು.

ಬೆಳಿಗ್ಗೆ ಪೂಜೆ ಮುಗಿಯಿತು. ಮಂಗಳಾರತಿ ಆಯಿತು. ಭಟ್ಟರು ಭಾವನ ಕೈಗೆ ಪ್ರಸಾದದ ಬಟ್ಟಲು ಕೊಟ್ಟರು. ಭಾವ ಮೊದಲ ತುತ್ತು ತೆಗೆದು ಅಕ್ಕನ ಕಡೆ ಚಾಚಿದರು. ಅವರ ಕಣ್ಣು ತುಂಬಿತ್ತು. ಅಕ್ಕ ಎಡಗೈ ಮೇಲೆ ಬಲಗೈ ಇಟ್ಟು ಮುಂದೆ ಮಾಡಿದಳು. ಅವಳು ಬಾಯಿ ತೆರೆದು ಏನಾದರೂ ಹೇಳುತ್ತಾಳೋ ಎಂದು ನಾನು ಕಾದೆ.

ನಾನು ಅವಳ ಕೈ ಮೇಲೆ ನನ್ನ ಕೈ ಇಟ್ಟೆ.

"ಭಾವ, ಕೊಡಬೇಡಿ. ಹೋದ ಸಲ ಅಕ್ಕನ ಶ್ವಾಸಕ್ಕೆ ಹೋದದ್ದು ಇದೇ. ರವೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವು ಕೊಟ್ಟ ಸಪಾದ."

ಭಟ್ಟರು ಗಂಟೆ ಕೆಳಗಿಟ್ಟರು. ಭಾವ ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. "ಹೌದೇನೇ?" ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿದಳು, ಅಷ್ಟೇ. ತುತ್ತು ಹಿಡಿದ ಅವರ ಕೈ ಹಾಗೇ ಇತ್ತು. ಎಲ್ಲಿಡಬೇಕೆಂದು ತಿಳಿಯಲಿಲ್ಲ ಅವರಿಗೆ. ಬಟ್ಟಲಿಗೆ ವಾಪಸು ಹಾಕುವ ಹಾಗಿಲ್ಲ, ಕೆಳಗೆ ಹಾಕುವ ಹಾಗಿಲ್ಲ. ಕೊನೆಗೆ ತಾವೇ ಬಾಯಿಗೆ ಹಾಕಿಕೊಂಡರು.

ಅಕ್ಕನ ಆಪರೇಷನ್ ಸುಸೂತ್ರವಾಗಿ ಆಯಿತು. ಖಾಲಿ ಹೊಟ್ಟೆಯಲ್ಲಿ ನಿದ್ದೆ ಹೋದಳು, ಸಂಜೆಗೆಲ್ಲ ಎದ್ದು ನೀರು ಕೇಳಿದಳು. ನಾನು ದುಬೈಗೆ ಮರಳಿದೆ.

ಅಮೆರಿಕಕ್ಕೆ ಹೊರಡುವ ಮೊದಲು ಫೋನ್ ಮಾಡಿದೆ. ಅಕ್ಕ ಚೆನ್ನಾಗಿದ್ದಳು. ಭಾವ ಹೇಗಿದ್ದಾರೆ ಎಂದು ಕೇಳಿದೆ.

"ಇದ್ದಾರೆ. ದೇವರ ಮುಂದೆ ಕೂರೋದು ಬಿಟ್ಟಿದ್ದಾರೆ. ದೀಪ ನಾನೇ ಹಚ್ತೀನಿ. ನನ್ನ ತಟ್ಟೆಗೆ ಏನನ್ನೂ ಬಡಿಸೋಲ್ಲ ಈಗ, ಬೇಕಾದ್ದು ನೀನೇ ಹಾಕ್ಕೋ ಅಂತಾರೆ." ಉಸಿರು ಎಳೆದುಕೊಂಡು ಮುಂದುವರಿಸಿದಳು. "ಹೇಳ್ಬೇಡ ಅಂದಿದ್ದೆ ಕಣೇ ನಿಂಗೆ."

"ಹೇಳದಿದ್ರೆ ನೀವು ಸಾಯ್ತಿದ್ರಿ ಅಕ್ಕ!" ಎಂದು ಕಿರುಚಿದೆ.

"ಗೊತ್ತು," ಅಂದಳು.

ನಾನು ಅಂದುಕೊಂಡ ಕೋರ್ಸು ಮುಗಿಸಿದೆ. ಈಗ ತಲೆಯ ಬಳಿ ನಿಲ್ಲುವುದೇ ನನ್ನ ಕೆಲಸ. ಏನಾದರೂ ತಿಂದಿದ್ದೀರಾ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನು ಕೇಳಿ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಬೆಳಿಗ್ಗೆ ಯಾರಾದರೂ ಪ್ರೀತಿಯಿಂದ ಏನಾದರೂ ಕೈಗಿಟ್ಟರಾ ಎಂದು ಇನ್ನೊಮ್ಮೆ ಕೇಳುತ್ತೇನೆ. ಜೊತೆಗೆ ಕೆಲಸ ಮಾಡುವವರಿಗೆ ನಗು ಬರುತ್ತದೆ. ಅಕ್ಕನಿಗೆ ಹಬ್ಬ ಹಬ್ಬಕ್ಕೂ ನಾನೇ ಫೋನ್ ಮಾಡುತ್ತೇನೆ, ಮಾತಾಡುತ್ತಾಳೆ. ಅವಳ ಬೀದಿಯವರು, ಪರಿಚಯದವರು ಈ ಕಡೆ ಬರುತ್ತಲೇ ಇರುತ್ತಾರೆ. ಅವರ ಕೈಯಲ್ಲಿ ಹಪ್ಪಳ, ಸಂಡಿಗೆ, ಸಾರಿನ ಪುಡಿ ಕಳಿಸಿದ್ದಾಳೆ. ಪ್ರಸಾದ ಮಾತ್ರ ಆ ಮನೆಯಿಂದ ನನಗೆ ಮತ್ತೆ ಬರಲಿಲ್ಲ.